ಆಮ್ಲಜನಕದ ಒಂದು ಪದರ ಕಿತ್ತಾಗ

ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಮಗ್ಗುಲಲ್ಲೇ ಇರುವ ಪ್ರಯೋಗಾಲಯದಲ್ಲಿ ನಿಕಲ್ ಆಕ್ಸೈಡೊಂದರ ಕಾಂತತೆಯನ್ನು ಅಳೆಯಲಾಗುತ್ತಿದೆ. ಅದೇ ಕುಟುಂಬದ ವಸ್ತುಗಳನ್ನು ಬೆಂಗಳೂರಿನ ಕುಲುಮೆಗಳು 1986ರಷ್ಟು ಹಿಂದೆಯೇ ಬೇಯಿಸಿದ್ದವು.

ರೆಡ್‌ವುಡ್ ಸಿಟಿ ಎಂದರೆ ನಮ್ಮವರಿಗೆ ಥಟ್ಟನೆ ನೆನಪಾಗುವುದು ಒರಾಕಲ್. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪಶ್ಚಿಮ ದಂಡೆಯ ರೆಡ್‌ವುಡ್ ಶೋರ್ಸ್‌ನಲ್ಲಿ ಕೊಳದ ಪಕ್ಕ ನಿಂತ ಆ ಗಾಜಿನ ದುಂಡು ಗೋಪುರಗಳು ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳ ಆಲ್ಬಂಗಳಲ್ಲಿ ಮಗ-ಸೊಸೆಯ ಹಿಂದೆ ಕಾಣುತ್ತವೆ. ಕಂಪನಿ 2020ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಟೆಕ್ಸಸ್‌ನ ಆಸ್ಟಿನ್‌ಗೆ ಒಯ್ದರೂ ಊರಿಗೆ ಅಂಟಿದ ಹೆಸರು ಹೋಗಿಲ್ಲ.

ಸಾಫ್ಟ್‌ವೇರ್ ಕಾಲಿಡುವುದಕ್ಕೆ ಬಹಳ ಮೊದಲು ಈ ಊರು ಹೆಸರು ಮಾಡಿದ್ದು ಕಬ್ಬಿಣದ ಆಕ್ಸೈಡ್ ಎಂಬ ಕಂದು ಪುಡಿಯಿಂದ. ರಷ್ಯಾದಿಂದ ಬಂದು ನೆಲೆಸಿದ ಅಲೆಕ್ಸಾಂಡರ್ ಪೊನಿಯಾಟಾಫ್ 1944ರಲ್ಲಿ ಪಕ್ಕದ ಸ್ಯಾನ್ ಕಾರ್ಲೊಸ್‌ನಲ್ಲಿ ಕಟ್ಟಿದ ಆಂಪೆಕ್ಸ್ ಕಂಪನಿ ಮುಂದೆ ರೆಡ್‌ವುಡ್ ಸಿಟಿಗೆ ಬಂತು. ಚಾರ್ಲ್ಸ್ ಗಿನ್ಸ್‌ಬರ್ಗ್ ನೇತೃತ್ವದ ಸಣ್ಣ ತಂಡವೊಂದು ಇಲ್ಲಿ ಕೂತು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದ ಆ ಪುಡಿಯ ಮೇಲೆ ಟೀವಿಯ ಚಿತ್ರವನ್ನು ಮೂಡಿಸುವ ಯಂತ್ರ ಮಾಡಿತು. 1956ರ ಏಪ್ರಿಲ್‌ನಲ್ಲಿ ಶಿಕಾಗೊದಲ್ಲಿ ಅದರ ಪ್ರದರ್ಶನ ನಡೆಯಿತು. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಸಿಬಿಎಸ್ ವಾಹಿನಿ ಮೊದಲ ಬಾರಿಗೆ ಟೇಪಿನಿಂದ ವಾರ್ತೆ ಪ್ರಸಾರ ಮಾಡಿತು. ಮುಂದೆ ಧ್ವನಿಮುದ್ರಣಕ್ಕೆ ತನ್ನ ಹೆಸರನ್ನೇ ಕೊಟ್ಟ ರೇ ಡಾಲ್ಬಿ ಆ ತಂಡದಲ್ಲಿದ್ದ ಹುಡುಗ. ನಮ್ಮಲ್ಲಿ ಕ್ಯಾಸೆಟ್ಟಿನಲ್ಲಿ ಭಾವಗೀತೆ ಕೇಳಿ ಬೆಳೆದವರೆಲ್ಲ ಈ ಪುಡಿಯ ಋಣದಲ್ಲಿದ್ದೇವೆ. ಪುಡಿಯ ಒಂದೊಂದು ಕಣವೂ ಒಂದು ಪುಟ್ಟ ಅಯಸ್ಕಾಂತ. ಯಾವ ಕಣ ಯಾವ ಕಡೆಗೆ ಮುಖ ಮಾಡಿದೆ ಎಂಬುದೇ ಹಾಡು, ಅದೇ ಚಿತ್ರ.

ಈಗ ಅದೇ ಊರಿನಿಂದ ಹೆದ್ದಾರಿ 280 ಹಿಡಿದು ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಮೆನ್ಲೋ ಪಾರ್ಕ್‌ನ ಸ್ಯಾಂಡ್ ಹಿಲ್ ರಸ್ತೆ ಸಿಗುತ್ತದೆ. ಒಂದು ಕಡೆ ಬಂಡವಾಳ ಹೂಡುವವರ ಕಚೇರಿಗಳು, ಇನ್ನೊಂದು ಕಡೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ನಡೆಸುವ, ಅಮೆರಿಕ ಸರ್ಕಾರದ ಇಂಧನ ಇಲಾಖೆಗೆ ಸೇರಿದ ಸ್ಲ್ಯಾಕ್ ಪ್ರಯೋಗಾಲಯ. 1966ರಲ್ಲಿ ಮುಗಿದ ಅದರ ಇಲೆಕ್ಟ್ರಾನ್ ವೇಗವರ್ಧಕ 3.2 ಕಿಲೋಮೀಟರ್ ಉದ್ದ. ಆ ಹೆದ್ದಾರಿಯಲ್ಲಿ ದಿನವೂ ಆಫೀಸಿಗೆ ಹೋಗುವ ಕನ್ನಡಿಗರು ಈ ವೇಗವರ್ಧಕದ ಮೇಲೆಯೇ ಹಾದುಹೋಗುತ್ತಾರೆ, ಬಹುಪಾಲು ಮಂದಿಗೆ ಅದರ ಅರಿವಿರುವುದಿಲ್ಲ. ಇಲ್ಲಿಯೂ ಆಕ್ಸೈಡುಗಳದ್ದೇ ಕೆಲಸ. ಕಬ್ಬಿಣದ ಬದಲಿಗೆ ಈಗ ತಾಮ್ರ, ನಿಕಲ್, ಮ್ಯಾಂಗನೀಸ್. ಇವುಗಳಿಗೆ ವಿಜ್ಞಾನಿಗಳು ಕೊಟ್ಟಿರುವ ಒಟ್ಟು ಹೆಸರು ಕ್ವಾಂಟಂ ವಸ್ತುಗಳು.

ಮೇಲೆ, ಕೆಳಗೆ, ಮೇಲೆ, ಕೆಳಗೆ

ಲೆಕ್ಕಕ್ಕೆ ನಿಂತರೆ ಕಬ್ಬಿಣದ ಮೊಳೆಯೂ ಕ್ವಾಂಟಂ ನಿಯಮದಂತೆಯೇ ನಡೆಯುತ್ತದೆ. ಆದರೆ ತಾಮ್ರದ ತಂತಿಯಂಥ ಸಾಮಾನ್ಯ ಲೋಹದಲ್ಲಿ ಒಂದು ಇಲೆಕ್ಟ್ರಾನಿನ ಪಾಡು ತಿಳಿದರೆ ಸಾಕು, ಉಳಿದವುಗಳ ಪಾಡನ್ನು ಹೆಚ್ಚುಕಡಿಮೆ ಊಹಿಸಬಹುದು. ಕ್ವಾಂಟಂ ವಸ್ತುಗಳಲ್ಲಿ ಹಾಗಾಗುವುದಿಲ್ಲ. ಅಲ್ಲಿ ಇಲೆಕ್ಟ್ರಾನುಗಳು ಒಂದನ್ನೊಂದು ಅಷ್ಟು ಬಲವಾಗಿ ತಳ್ಳುತ್ತವೆ, ಒಂದು ಕದಲಿದರೆ ಉಳಿದವೂ ಜಾಗ ಬದಲಿಸಬೇಕಾಗುತ್ತದೆ. ಲೋಹವಾಗಬೇಕಿದ್ದದ್ದು ಅವಾಹಕವಾಗುತ್ತದೆ, ಅವಾಹಕಕ್ಕೆ ಒಂದಿಷ್ಟು ಬೇರೆ ಧಾತು ಬೆರೆಸಿದರೆ ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಸುವ ಅತಿವಾಹಕವಾಗುತ್ತದೆ.

ಇವುಗಳ ಕಾಂತತೆಯೂ ಬೇರೆ ಬಗೆಯದು. ಆಂಪೆಕ್ಸ್ ಟೇಪಿನ ಪುಡಿ ಹೊರಗಿನ ಅಯಸ್ಕಾಂತಕ್ಕೆ ಓಗೊಡುತ್ತದೆ, ಫ್ರಿಜ್ಜಿನ ಬಾಗಿಲಿಗೆ ಅಂಟುವ ಅಯಸ್ಕಾಂತವೂ ಅಷ್ಟೆ. ಈ ಆಕ್ಸೈಡುಗಳಲ್ಲಿ ಎಷ್ಟೋ ಹಾಗಲ್ಲ. ನಮ್ಮ ಚುಕ್ಕಿ ರಂಗೋಲಿಯನ್ನು ನೆನೆಸಿಕೊಳ್ಳಿ. ಚುಕ್ಕಿ ಇರುವಲ್ಲಿ ಲೋಹದ ಪರಮಾಣು, ಎರಡು ಚುಕ್ಕಿ ಸೇರಿಸುವ ಗೆರೆಯ ನಡುಮಧ್ಯದಲ್ಲಿ ಆಮ್ಲಜನಕ. ಒಂದು ಚುಕ್ಕಿಯ ಪುಟ್ಟ ಅಯಸ್ಕಾಂತ ಮೇಲ್ಮುಖವಾದರೆ ಪಕ್ಕದ್ದು ಕೆಳಮುಖ, ಅದರ ಪಕ್ಕದ್ದು ಮತ್ತೆ ಮೇಲ್ಮುಖ. ಹೊರಗಿನಿಂದ ನೋಡುವವರಿಗೆ ಎಲ್ಲವೂ ಕೂಡಿ ಸೊನ್ನೆ. ಈ ಬಗೆಯ ಪ್ರತಿಕಾಂತತೆಯನ್ನು ಊಹಿಸಿದ್ದಕ್ಕಾಗಿ ಫ್ರಾನ್ಸಿನ ಲೂಯಿ ನೀಲ್ ಅವರಿಗೆ 1970ರಲ್ಲಿ ನೊಬೆಲ್ ಬಂತು. ಸಿದ್ಧಾಂತದ ದೃಷ್ಟಿಯಿಂದ ಸೊಗಸಾದ ವಿಷಯ, ಉಪಯೋಗವೇನೂ ಕಾಣುತ್ತಿಲ್ಲ ಎಂಬ ಅರ್ಥದ ಮಾತನ್ನು ಅವರೇ ಆ ಸಂದರ್ಭದ ಭಾಷಣದಲ್ಲಿ ಆಡಿದ್ದರು.

ಪಕ್ಕದ ಚುಕ್ಕಿಗೆ ಈ ಸುದ್ದಿ ಮುಟ್ಟಿಸುವುದು ನಡುವಿನ ಆಮ್ಲಜನಕ. ಲೋಹ, ಆಮ್ಲಜನಕ, ಲೋಹ ಮೂರೂ ನೇರ ಗೆರೆಯಲ್ಲಿದ್ದರೆ ಸಾಮಾನ್ಯವಾಗಿ ಎದುರುಬದುರು ಮುಖ. ಕೋನ ತೊಂಬತ್ತು ಡಿಗ್ರಿಯ ಹತ್ತಿರ ಬಂದರೆ ಒಂದೇ ಮುಖ. ಗುಡ್‌ಇನಫ್ ಮತ್ತು ಕನಮೊರಿ ಎಂಬಿಬ್ಬರ ಹೆಸರಿನ ನಿಯಮಗಳ ಸಾರ ಇದು. (ಲಿಥಿಯಂ ಬ್ಯಾಟರಿಗಾಗಿ 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್ ಅವರೇ ಈ ಗುಡ್‌ಇನಫ್.) ಹಾಗಾಗಿ ಈ ವಸ್ತುಗಳಲ್ಲಿ ರಚನೆಯೊಂದು ವಿಷಯ, ಕಾಂತತೆ ಇನ್ನೊಂದು ವಿಷಯ ಎಂದು ಬೇರೆ ಮಾಡಿ ಓದಲು ಬರುವುದಿಲ್ಲ. ಆಮ್ಲಜನಕವನ್ನು ಒಂದಿಷ್ಟು ಸರಿಸಿದರೆ ಕಾಂತತೆ ಬದಲಾಗುತ್ತದೆ, ಕಿತ್ತೇಬಿಟ್ಟರೆ ವಸ್ತುವಿನ ಜಾತಿಯೇ ಬದಲಾಗುತ್ತದೆ.

ಕಾನ್ಪುರದಿಂದ ಬೆಂಗಳೂರಿಗೆ

ಈ ಪಾಠವನ್ನು ಬೆಂಗಳೂರು ಯಾರಿಂದಲೂ ಎರವಲು ತರಬೇಕಾಗಿರಲಿಲ್ಲ. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಸಿ.ಎನ್.ಆರ್. ರಾವ್ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ, ರೆಡ್‌ವುಡ್ ಸಿಟಿಯಿಂದ ಕೊಲ್ಲಿಯ ಆಚೆ ದಡದ ಬರ್ಕ್ಲಿಯಲ್ಲಿ ಸ್ವಲ್ಪ ಕಾಲ ಸಂಶೋಧನೆ ನಡೆಸಿ, 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕರಾಗಿ ಮರಳಿದರು. ಅಲ್ಲಿಂದ ಕಾನ್ಪುರ ಐಐಟಿ. ಲ್ಯಾಂಥನಮ್ ಮತ್ತು ನಿಕಲ್, ಲ್ಯಾಂಥನಮ್ ಮತ್ತು ತಾಮ್ರ ಸೇರಿದ ಪದರ ಪದರದ ಆಕ್ಸೈಡುಗಳಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ, ಕಾಂತತೆ ಹೇಗಿರುತ್ತದೆ ಎಂದು ಪಿ. ಗಂಗೂಲಿ ಅವರೊಡನೆ ನೋಡತೊಡಗಿದ್ದು ಆ ದಿನಗಳಲ್ಲಿ. 1973ರಲ್ಲೇ ಇಬ್ಬರೂ ಈ ಬಗ್ಗೆ ಪ್ರಬಂಧ ಬರೆದರು. 1976ರಲ್ಲಿ ರಾವ್ ಬೆಂಗಳೂರಿಗೆ ಮರಳಿ ಘನಸ್ಥಿತಿ ಮತ್ತು ರಚನಾ ರಸಾಯನ ಘಟಕ ಕಟ್ಟಿದಾಗ ಆ ಕೆಲಸವೂ ಜೊತೆಗೆ ಬಂತು.

ಆಗ ಇವು ಯಾರಿಗೂ ಬೇಡದ ವಸ್ತುಗಳು. 1986ರಲ್ಲಿ ಝೂರಿಕ್‌ನ ಐಬಿಎಂ ಪ್ರಯೋಗಾಲಯದ ಬೆಡ್ನೊರ್ಜ್ ಮತ್ತು ಮುಲ್ಲರ್ ಲ್ಯಾಂಥನಮ್-ತಾಮ್ರದ ಆಕ್ಸೈಡಿಗೆ ಬೇರಿಯಂ ಬೆರೆಸಿ, ಅದುವರೆಗೆ ಯಾರೂ ಕಾಣದಷ್ಟು ಹೆಚ್ಚಿನ ಉಷ್ಣತೆಯಲ್ಲಿ ಅತಿವಾಹಕತೆ ಕಂಡರು. ಜಗತ್ತಿನ ಪ್ರಯೋಗಾಲಯಗಳು ಆ ಆಕ್ಸೈಡಿನ ಹೆಸರನ್ನು ಹೊಸದಾಗಿ ಕಲಿಯುತ್ತಿದ್ದ ಹೊತ್ತಿಗೆ ಬೆಂಗಳೂರಿನ ಗುಂಪಿಗೆ ಅದು ಹಳೆಯ ಪರಿಚಯ. 1987ರ ಆರಂಭದಲ್ಲಿ ಇಟ್ರಿಯಂ, ಬೇರಿಯಂ, ತಾಮ್ರದ ಮಿಶ್ರಣವೊಂದು ದ್ರವ ಸಾರಜನಕದ ಉಷ್ಣತೆಗಿಂತಲೂ (ಮೈನಸ್ 196 ಡಿಗ್ರಿ) ಮೇಲೆ ಅತಿವಾಹಕವಾಗುತ್ತದೆ ಎಂಬ ಸುದ್ದಿ ಅಮೆರಿಕದಿಂದ ಬಂತು. ಆ ಮಿಶ್ರಣದಲ್ಲಿ ನಿಜವಾಗಿ ಅತಿವಾಹಕವಾಗುವ ಭಾಗ ಯಾವುದು ಎಂದು ತಮ್ಮಷ್ಟಕ್ಕೆ ತಾವೇ ಗುರುತಿಸಿದ ಕೆಲವೇ ಗುಂಪುಗಳಲ್ಲಿ ಬೆಂಗಳೂರಿನದೂ ಒಂದು. ರಾವ್, ಗಂಗೂಲಿ, ಎ.ಕೆ. ರಾಯಚೌಧುರಿ ಮತ್ತು ಸಂಗಡಿಗರ ಆ ಪ್ರಬಂಧ ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಬಂತು. ಒಂದು ಇಟ್ರಿಯಂಗೆ ಎರಡು ಬೇರಿಯಂ, ಮೂರು ತಾಮ್ರ. ಈ ಕಸುಬಿನವರು ಇಂದಿಗೂ ಅದನ್ನು ‘123’ ಎಂದೇ ಕರೆಯುತ್ತಾರೆ.

ಇಲ್ಲಿ ಮುಖ್ಯವಾದುದು ಇನ್ನೊಂದು ಪ್ರಬಂಧ. 1986ರಲ್ಲಿ ಮೋಹನ್ ರಾಮ್, ಗಣಪತಿ, ಗಂಗೂಲಿ ಮತ್ತು ರಾವ್ ಲ್ಯಾಂಥನಮ್-ನಿಕಲ್ ಆಕ್ಸೈಡುಗಳ ಇಡೀ ಸರಣಿಯನ್ನು ಬೇಯಿಸಿ ಅಳೆದರು. ಸರಣಿಯ ಮೊದಲ ಸದಸ್ಯನಲ್ಲಿ ನಿಕಲ್ ಪದರಗಳು ಒಂಟಿ ಒಂಟಿ, ಎರಡನೆಯದರಲ್ಲಿ ಜೋಡಿ, ಮೂರನೆಯದರಲ್ಲಿ ಮೂರು ಮೂರು. ಪದರ ಕೂಡುತ್ತ ಹೋದಂತೆ ವಸ್ತು ಹಾಳೆಯ ಸ್ವಭಾವ ಬಿಟ್ಟು ಗಟ್ಟಿಯ ಸ್ವಭಾವಕ್ಕೆ ಬರುತ್ತದೆ, ವಿದ್ಯುತ್ತೂ ಕಾಂತತೆಯೂ ಅದರೊಡನೆ ಬದಲಾಗುತ್ತವೆ ಎಂಬುದು ಅವರ ತೀರ್ಮಾನ. ಜೋಡಿ ಪದರದ ಆ ಎರಡನೆಯ ಸದಸ್ಯನಿಗೆ ‘327’ ಎಂದು ಹೆಸರು: ಮೂರು ಲ್ಯಾಂಥನಮ್, ಎರಡು ನಿಕಲ್, ಏಳು ಆಮ್ಲಜನಕ. ಆ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಅದು ಮತ್ತೆ ಬರುತ್ತದೆ.

ಹ್ವಾಂಗ್ ಹಾದಿ

ಹೆರಾಲ್ಡ್ ಹ್ವಾಂಗ್ ಇಂದು ಸ್ಟ್ಯಾನ್‌ಫರ್ಡ್ ಮತ್ತು ಸ್ಲ್ಯಾಕ್‌ನ ಪ್ರಾಧ್ಯಾಪಕರು. ತೊಂಬತ್ತರ ದಶಕದ ನಡುವೆ, ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ಅವರು ಮಾಡಿದ ಮೊದಮೊದಲ ಕೆಲಸ ಮ್ಯಾಂಗನೀಸ್ ಆಕ್ಸೈಡುಗಳ ಮೇಲೆ. ಅಯಸ್ಕಾಂತ ಹತ್ತಿರ ತಂದರೆ ವಿದ್ಯುತ್ ತಡೆ ಧಡಾರನೆ ಬೀಳುವ ವಿಚಿತ್ರ ವಸ್ತುಗಳು ಅವು. ಹ್ವಾಂಗ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ್ದಿಷ್ಟು: ಲ್ಯಾಂಥನಮ್ ಇರುವ ಜಾಗದಲ್ಲಿ ಅದಕ್ಕಿಂತ ಚಿಕ್ಕ ಪರಮಾಣು ಕೂರಿಸಿದರೆ ಮ್ಯಾಂಗನೀಸ್, ಆಮ್ಲಜನಕ, ಮ್ಯಾಂಗನೀಸ್ ಗೆರೆ ಬಾಗುತ್ತದೆ, ಗೆರೆ ಬಾಗಿದಷ್ಟೂ ಇಲೆಕ್ಟ್ರಾನಿಗೆ ಜಿಗಿಯುವುದು ಕಷ್ಟ, ಕಾಂತತೆ ಮೂಡುವ ಉಷ್ಣತೆಯೂ ಇಳಿಯುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಮಹೇಶ್, ಮಹೇಂದಿರನ್, ರಾಯಚೌಧುರಿ ಮತ್ತು ರಾವ್ ಅದೇ ಮ್ಯಾಂಗನೀಸ್ ಆಕ್ಸೈಡುಗಳಲ್ಲಿ ಪರಮಾಣುವಿನ ಗಾತ್ರದಿಂದ ಒಳಗೇ ಹುಟ್ಟುವ ಒತ್ತಡ ಕಾಂತತೆಯನ್ನು ಹೇಗೆ ತಿದ್ದುತ್ತದೆ ಎಂದು ಬರೆಯುತ್ತಿದ್ದರು. ಎರಡು ಖಂಡ, ಎರಡು ಬಜೆಟ್, ಒಂದೇ ಪ್ರಶ್ನೆ.

ಅಲ್ಲಿಂದ ಹ್ವಾಂಗ್ ಗಟ್ಟಿ ತುಂಡುಗಳನ್ನು ಬಿಟ್ಟು ತೆಳುಪದರಗಳ ಕಡೆ ಹೊರಳಿದರು. 2004ರಲ್ಲಿ ಅವರೂ ಓಟೊಮೊ ಅವರೂ ವಿದ್ಯುತ್ ಹರಿಸದ ಎರಡು ಆಕ್ಸೈಡುಗಳನ್ನು ಒಂದರ ಮೇಲೊಂದು ಬೆಳೆಸಿದಾಗ ಎರಡೂ ಕೂಡುವ ಗಡಿಯಲ್ಲಿ ಲೋಹದಂತೆ ವಿದ್ಯುತ್ ಹರಿಯಿತು. ಅದೇ ಗಡಿಯಲ್ಲಿ ಅತಿವಾಹಕತೆಯೂ ಕಾಂತತೆಯೂ ಅಕ್ಕಪಕ್ಕ ಇರುವುದನ್ನು 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ಯಾಥ್ರಿನ್ ಮೋಲರ್ ಗುಂಪು ಚಿತ್ರವಾಗಿ ತೋರಿಸಿತು. ಟೋಕಿಯೊದಲ್ಲಿ ಕೆಲವು ವರ್ಷ ಪಾಠ ಮಾಡಿದ ಹ್ವಾಂಗ್ ಅಷ್ಟರಲ್ಲಿ, 2010ಕ್ಕೆ, ಸ್ಟ್ಯಾನ್‌ಫರ್ಡ್ ಸೇರಿಯಾಗಿತ್ತು.

ಅವರ ಮುಂದಿದ್ದ ಪ್ರಶ್ನೆ ಹಳೆಯದು. ಆವರ್ತ ಕೋಷ್ಟಕದಲ್ಲಿ ತಾಮ್ರದ ಎಡಮನೆ ನಿಕಲ್‌ನದು. ನಿಕಲ್‌ಗೆ ಒಂದು ಇಲೆಕ್ಟ್ರಾನ್ ಕೊಟ್ಟು ತಾಮ್ರದಂತೆ ಮಾಡಲು ಸಾಧ್ಯವಾದರೆ ಅದೂ ಅತಿವಾಹಕವಾಗಬೇಕಲ್ಲವೇ ಎಂದು ಅನಿಸಿಮೋವ್, ಬುಖ್ವಾಲೋವ್ ಮತ್ತು ಮಾರಿಸ್ ರೈಸ್ 1999ರಲ್ಲಿ ಕೇಳಿದ್ದರು. ಅಂಥ ನಿಕಲ್ ಆಕ್ಸೈಡು ಕಾಗದದ ಮೇಲಿನ ಕಲ್ಪನೆಯೇನಲ್ಲ, ಅದರ ಪುಡಿಯನ್ನು ಫ್ರಾನ್ಸಿನಲ್ಲಿ 1983ರಲ್ಲೇ ಮಾಡಿದ್ದರು. ಆದರೆ ಅದು ಅತಿವಾಹಕವಾಗಲಿಲ್ಲ.

ಗಾಜಿನ ಕೊಳವೆಯೊಳಗೆ

2019ರ ಆಗಸ್ಟ್‌ನಲ್ಲಿ ಡಾನ್‌ಫೆಂಗ್ ಲಿ, ಹ್ವಾಂಗ್ ಮತ್ತು ಸಂಗಡಿಗರು ‘ನೇಚರ್’ನಲ್ಲಿ ಪ್ರಕಟಿಸಿದ ಪ್ರಯೋಗದ ಕೈಕೆಲಸವನ್ನು ಹತ್ತಿರದಿಂದ ನೋಡಬೇಕು. ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಸ್ಫಟಿಕದ ಪುಟ್ಟ ಬಿಲ್ಲೆಯೇ ತಳ. ನಿರ್ವಾತ ಪೆಟ್ಟಿಗೆಯಲ್ಲಿ ಅದರ ಮುಂದೆ ನಿಯೋಡಿಮಿಯಂ, ಸ್ಟ್ರಾನ್ಷಿಯಂ ಮತ್ತು ನಿಕಲ್ ಇರುವ ಆಕ್ಸೈಡಿನ ಗುಂಡು ಬಿಲ್ಲೆಯನ್ನು ಇಟ್ಟು ಲೇಸರ್ ಹೊಡೆಯುತ್ತಾರೆ. ಪ್ರತಿ ಹೊಡೆತಕ್ಕೂ ಒಂದಿಷ್ಟು ವಸ್ತು ಆವಿಯಾಗಿ ಹಾರಿ ತಳದ ಮೇಲೆ ಕೂರುತ್ತದೆ. ಹೀಗೆ ಬೆಳೆದ ಪದರ ಒಂದು ಮಿಲಿಮೀಟರಿನ ಲಕ್ಷದ ಒಂದು ಭಾಗದಷ್ಟು ತೆಳು. ಇದರಲ್ಲಿ ಪ್ರತಿ ನಿಕಲ್‌ನ ಸುತ್ತ ಆರು ಆಮ್ಲಜನಕ: ನಾಲ್ಕು ಪಕ್ಕದಲ್ಲಿ, ಮೇಲೊಂದು, ಕೆಳಗೊಂದು.

ಬೇಡವಾದದ್ದು ಆ ಮೇಲಿನದು ಮತ್ತು ಕೆಳಗಿನದು. ಅವನ್ನು ಚಿಮಟದಿಂದ ಕೀಳಲು ಬರುತ್ತದೆಯೇ? ಬಿಲ್ಲೆಯನ್ನು ಅಲ್ಯುಮಿನಿಯಂ ಹಾಳೆಯಲ್ಲಿ ಸಡಿಲವಾಗಿ ಸುತ್ತಿ, ಗಾಜಿನ ಕೊಳವೆಯಲ್ಲಿ ಹಾಕಿ, ಜೊತೆಗೆ ಚಿಟಿಕೆಯಷ್ಟು ಕ್ಯಾಲ್ಸಿಯಂ ಹೈಡ್ರೈಡ್ ಪುಡಿ ಸೇರಿಸುತ್ತಾರೆ. ಗಾಳಿ ತೆಗೆದು ಕೊಳವೆಯ ಬಾಯಿಯನ್ನು ಜ್ವಾಲೆಯಲ್ಲಿ ಕರಗಿಸಿ ಮುಚ್ಚುತ್ತಾರೆ. ಆಮೇಲೆ ಕುಲುಮೆಯಲ್ಲಿ 260ರಿಂದ 280 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ. ಸ್ಫಟಿಕ ಬೆಳೆಸುವವರ ಲೆಕ್ಕದಲ್ಲಿ ಇದು ಮಂದ ಉರಿ. ಆಮ್ಲಜನಕಕ್ಕಾಗಿ ಹಪಹಪಿಸುವ ಆ ಪುಡಿ ಪದರದೊಳಗಿಂದ ಮೇಲಿನ, ಕೆಳಗಿನ ಆಮ್ಲಜನಕವನ್ನು ಮಾತ್ರ ಎಳೆದುಕೊಳ್ಳುತ್ತದೆ, ಪಕ್ಕದ ನಾಲ್ಕು ಉಳಿಯುತ್ತವೆ. ಉರಿ ಹೆಚ್ಚಾದರೆ ಸ್ಫಟಿಕ ಕುಸಿದು ಲೋಹದ ಪುಡಿಯಾಗುತ್ತದೆ, ಕಡಿಮೆಯಾದರೆ ಆಮ್ಲಜನಕ ಕದಲುವುದಿಲ್ಲ. ಕೆಲಸ ಆಯಿತೇ ಇಲ್ಲವೇ ಎಂದು ಹೇಳುವುದು ಎಕ್ಸ್-ಕಿರಣ. ಕಂಬ ಕಿತ್ತ ಮಹಡಿಗಳು ಕೆಳಗಿಳಿದು ಪದರಗಳ ಅಂತರ ನೂರಕ್ಕೆ ಹತ್ತರಷ್ಟು ಕುಗ್ಗಿರುತ್ತದೆ. ಹಾಗೆ ಕುಗ್ಗಿದ ಬಿಲ್ಲೆಗಳನ್ನು ತಣಿಸಿದಾಗ 9ರಿಂದ 15 ಕೆಲ್ವಿನ್ ನಡುವೆ, ಅಂದರೆ ಮೈನಸ್ 260 ಡಿಗ್ರಿಯ ಆಸುಪಾಸಿನಲ್ಲಿ, ವಿದ್ಯುತ್ ತಡೆ ಸೊನ್ನೆಗೆ ಇಳಿಯಿತು.

ಎಲ್ಲರಿಗೂ ಒಮ್ಮೆಲೇ ಕೈಹತ್ತಿದ ಪಾಕವಲ್ಲ ಇದು. ಅದೇ ವಸ್ತುವನ್ನು ಗಟ್ಟಿ ತುಂಡಾಗಿ ಮಾಡಿದವರಿಗೆ ಅತಿವಾಹಕತೆ ಕಾಣಲಿಲ್ಲ. 2020ರಲ್ಲಿ ಸಿಂಗಪುರದ ಗುಂಪೊಂದು ತೆಳುಪದರದಲ್ಲಿ ಅದನ್ನು ಮತ್ತೆ ಮಾಡಿ ತೋರಿಸಿದ ಮೇಲೆ ಅನುಮಾನ ಕಡಿಮೆಯಾಯಿತು. 2023ರಲ್ಲಿ ಸ್ಟ್ಯಾನ್‌ಫರ್ಡ್ ಗುಂಪೇ ತಳದ ಸ್ಫಟಿಕವನ್ನು ಬದಲಿಸಿ ಇನ್ನೂ ಚೊಕ್ಕಟವಾದ ಪದರ ಬೆಳೆಸಿತು. ಆಗ ಹಳೆಯ ಬಿಲ್ಲೆಗಳ ದೋಷಗಳಲ್ಲಿ ಮುಚ್ಚಿಹೋಗಿದ್ದ ಗುಣಗಳು ಎದ್ದುಬಂದವು. ಉಷ್ಣತೆ ಏರಿದಷ್ಟೇ ಲೆಕ್ಕದಲ್ಲಿ ನೇರ ಗೆರೆಯಂತೆ ತಡೆ ಏರುವ ‘ವಿಚಿತ್ರ ಲೋಹ’ದ ನಡತೆ, ತಾಮ್ರದ ಆಕ್ಸೈಡುಗಳಲ್ಲಿ ಪ್ರಸಿದ್ಧವಾದದ್ದು, ಇಲ್ಲಿಯೂ ಕಂಡಿತು. ವಸ್ತು ಅದೇ, ಸಿದ್ಧಾಂತ ಅದೇ. ಬದಲಾಗಿದ್ದು ಬೆಳೆಸಿದವರ ಹದ.

ಸೊನ್ನೆಯೊಳಗಿನ ಅಲೆ

ಇನ್ನು ಕಾಂತತೆ. ತಾಮ್ರದ ಆಕ್ಸೈಡುಗಳಲ್ಲಿ ಅತಿವಾಹಕತೆ ಹುಟ್ಟುವುದು ಪ್ರತಿಕಾಂತತೆಯ ಮಡಿಲಲ್ಲಿ. ಮೇಲೆ-ಕೆಳಗೆ ಸಾಲು ಕದಡಿದ ಮೇಲೂ ಉಳಿಯುವ ಅದರ ಅಲುಗಾಟವೇ ಇಲೆಕ್ಟ್ರಾನುಗಳನ್ನು ಜೋಡಿ ಮಾಡುತ್ತದೆ ಎಂದು ಬಹಳ ಮಂದಿ ನಂಬುತ್ತಾರೆ. ಹಾಗಾದರೆ ನಿಕಲ್‌ನಲ್ಲಿ? ಪುಡಿಯ ಮೇಲೆ ನ್ಯೂಟ್ರಾನ್ ಹಾಯಿಸಿ ನೋಡಿದವರಿಗೆ ನೆಟ್ಟಗೆ ನಿಂತ ಮೇಲೆ-ಕೆಳಗೆ ಸಾಲು ಸಿಕ್ಕಿರಲಿಲ್ಲ. ತೆಳುಪದರದ ಮೇಲೆ ನ್ಯೂಟ್ರಾನ್ ಹಾಯಿಸಿ ಪ್ರಯೋಜನವಿಲ್ಲ, ಅಷ್ಟು ತೆಳುವಿನಲ್ಲಿ ಅದಕ್ಕೆ ಢಿಕ್ಕಿ ಹೊಡೆಯಲು ವಸ್ತುವೇ ಸಾಲದು.

ಅದಕ್ಕೆ ಇರುವ ಉಪಾಯದ ಹೆಸರು ‘ರಿಕ್ಸ್’. ನಿಕಲ್‌ಗೆ ಮಾತ್ರ ಒಪ್ಪುವ ಶಕ್ತಿಗೆ ಎಕ್ಸ್-ಕಿರಣವನ್ನು ಶ್ರುತಿ ಮಾಡಿ ಬಿಲ್ಲೆಯ ಮೇಲೆ ಬಿಡುತ್ತಾರೆ. ಚಿಮ್ಮಿ ಹೊರಬರುವ ಕಿರಣದ ಶಕ್ತಿ ಒಂದಿಷ್ಟು ಕಡಿಮೆಯಾಗಿರುತ್ತದೆ. ಕಳೆದ ಆ ಶಕ್ತಿ ಒಳಗೆ ಏನನ್ನೋ ಅಲುಗಿಸಲು ಖರ್ಚಾಗಿದೆ. ಬೇರೆ ಬೇರೆ ಕೋನಗಳಲ್ಲಿ ಆ ಖರ್ಚಿನ ಲೆಕ್ಕ ಬರೆದರೆ ಒಳಗಿನ ಅಲೆಯ ಚಿತ್ರ ಸಿಗುತ್ತದೆ. ಸ್ಲ್ಯಾಕ್‌ನ ವೈ-ಶೆಂಗ್ ಲೀ ಅವರ ಗುಂಪಿನಲ್ಲಿ ಹೈಯು ಲು ಮುಂದಾಳಾಗಿ ನಡೆಸಿದ ಅಂಥ ಅಧ್ಯಯನ 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕ್ರಮಬದ್ಧ ಸಾಲು ಇರಲಿ ಬಿಡಲಿ, ಅಲೆ ಇತ್ತು! ಪಕ್ಕಪಕ್ಕದ ನಿಕಲ್‌ಗಳು ಎದುರುಬದುರು ಮುಖ ಮಾಡುವ ಹಟದ ಬಲ ಸುಮಾರು 64 ಮಿಲಿ-ಇಲೆಕ್ಟ್ರಾನ್ ವೋಲ್ಟ್. ತಾಮ್ರದ ಆಕ್ಸೈಡುಗಳಲ್ಲಿ ಇದು ಹೆಚ್ಚುಕಡಿಮೆ ಎರಡರಷ್ಟು. ಮುಂದಿನ ವರ್ಷ ಜೆನಿಫರ್ ಫೌಲಿ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನಲ್ಲಿ ಮ್ಯೂಯಾನ್ ಕಣಗಳನ್ನು ಇದೇ ಬಗೆಯ ಪದರಗಳೊಳಗೆ ನೆಟ್ಟು ನೋಡಿದಾಗ, ಅತಿವಾಹಕವಾದ ಮೇಲೂ ಕಾಂತತೆ ಜಾಗ ಬಿಟ್ಟು ಕದಲಿರಲಿಲ್ಲ.

ಕಾಂತತೆಯನ್ನು ಕಾಣುವ ಬೆಳಕನ್ನು ಹುಟ್ಟಿಸುವುದೂ ಅಯಸ್ಕಾಂತವೇ. ಸ್ಲ್ಯಾಕ್‌ನ ಎಕ್ಸ್-ಕಿರಣ ಲೇಸರ್‌ನಲ್ಲಿ ಇಲೆಕ್ಟ್ರಾನುಗಳು ಉತ್ತರ-ದಕ್ಷಿಣ, ಉತ್ತರ-ದಕ್ಷಿಣ ಎಂದು ಸರದಿಯಲ್ಲಿ ಜೋಡಿಸಿದ ಅಯಸ್ಕಾಂತಗಳ ಸಾಲಿನ ನಡುವೆ ಹಾವಿನಂತೆ ಹರಿದು ಕಿರಣ ಸೂಸುತ್ತವೆ. 2009ರ ಏಪ್ರಿಲ್‌ನಲ್ಲಿ ಮೊದಲು ಬೆಳಗಿದ ಈ ಲೇಸರ್ ಸೆಕೆಂಡಿಗೆ 120 ಬಾರಿ ಮಿಡಿಯುತ್ತಿತ್ತು. ಮೈನಸ್ 271 ಡಿಗ್ರಿಗೆ ತಣಿಸಿದ, ಸ್ವತಃ ಅತಿವಾಹಕವಾದ ನಯೋಬಿಯಂ ಕುಹರಗಳ ಹೊಸ ವೇಗವರ್ಧಕ 2023ರ ಸೆಪ್ಟೆಂಬರ್‌ನಲ್ಲಿ ಮೊದಲ ಕಿರಣ ಕೊಟ್ಟಿತು. ಸೆಕೆಂಡಿಗೆ ಹತ್ತು ಲಕ್ಷ ಮಿಡಿತದವರೆಗೆ ಹೋಗುವಂತೆ ಅದನ್ನು ಕಟ್ಟಿದ್ದಾರೆ.

ಬೆಂಗಳೂರು ಗುರುತಿಸಿದ ‘123’ ಕೂಡ ಈ ಲೇಸರ್‌ನ ಮುಂದೆ ನಿಂತಿದೆ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 28 ಟೆಸ್ಲಾವರೆಗಿನ ಕಾಂತಕ್ಷೇತ್ರವನ್ನು ಕ್ಷಣಮಾತ್ರ ಹರಿಸಿ, ಅದು ತುತ್ತತುದಿ ಮುಟ್ಟಿದ ಆ ಕ್ಷಣಕ್ಕೇ ಸರಿಯಾಗಿ ಎಕ್ಸ್-ಕಿರಣದ ಮಿಡಿತ ಬೀಳುವಂತೆ ಹೊಂದಿಸಿದ್ದರು. ಅತಿವಾಹಕತೆಯನ್ನು ಕಾಂತಕ್ಷೇತ್ರ ಬದಿಗೊತ್ತಿದಾಗ ಇಲೆಕ್ಟ್ರಾನುಗಳು ಮೂರೂ ದಿಕ್ಕಿನಲ್ಲಿ ಅಲೆಯಲೆಯಾಗಿ ಸಾಲುಗಟ್ಟುವುದು ಕಂಡಿತು. ಆ ಅಯಸ್ಕಾಂತ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ನೊಜಿರಿ ಅವರ ಕೈಕೆಲಸ.

ಸ್ಲ್ಯಾಕ್‌ನಲ್ಲಿ ಎಕ್ಸ್-ಕಿರಣದ ಕೆಲಸ ಶುರುವಾದದ್ದೂ ಕಾಂತತೆಯ ಮನುಷ್ಯನಿಂದಲೇ. ಎಪ್ಪತ್ತರ ದಶಕದಲ್ಲಿ ಸ್ಪಿಯರ್ ಎಂಬ ಉಂಗುರದಲ್ಲಿ ಕಣಗಳನ್ನು ಢಿಕ್ಕಿ ಹೊಡೆಸುತ್ತಿದ್ದವರಿಗೆ ಅಲ್ಲಿ ಸೋರುವ ಎಕ್ಸ್-ಕಿರಣ ಒಂದು ನಷ್ಟ. ಅದನ್ನು ಒಂದು ಕಿಂಡಿಯಿಂದ ಹೊರಗೆ ತಂದು ವಸ್ತುಗಳನ್ನು ನೋಡಲು ಬಳಸುವ ಯೋಜನೆ 1973ರಲ್ಲಿ ಆರಂಭವಾಯಿತು. ಅದರ ಮೊದಲ ನಿರ್ದೇಶಕ ಸೆಬಾಸ್ಟಿಯನ್ ಡೋನಿಯಾಕ್ ಮೂಲತಃ ಸಿದ್ಧಾಂತಿ. ಒಂದು ಲೋಹದಲ್ಲಿ ಕಾಂತತೆ ಯಾವಾಗ ಉಳಿಯುತ್ತದೆ, ಯಾವಾಗ ಸುತ್ತಲಿನ ಇಲೆಕ್ಟ್ರಾನುಗಳಲ್ಲಿ ಕರಗಿಹೋಗುತ್ತದೆ ಎಂದು ತೋರಿಸುವ ಅವರ 1977ರ ನಕ್ಷೆ ಇಂದಿಗೂ ಅವರ ಹೆಸರಿನಲ್ಲೇ ಪಠ್ಯಗಳಲ್ಲಿದೆ.

ಹದಿನೆಂಟು ವರ್ಷ ಕಾದ ಲೆಕ್ಕ

ಯಂತ್ರ ದೊಡ್ಡದಾದಂತೆ ಎಲ್ಲ ರಹಸ್ಯವೂ ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದುಕೊಳ್ಳುವುದು ಸುಲಭ. ಈ ಕ್ಷೇತ್ರದ ಅನುಭವ ಹಾಗೆ ಹೇಳುವುದಿಲ್ಲ. ರೆಡ್‌ವುಡ್ ಸಿಟಿಯಿಂದ ಬೆಟ್ಟ ದಾಟಿದರೆ ಸಿಗುವ ಸಾಂತಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬಿ. ಶ್ರೀರಾಮ ಶಾಸ್ತ್ರಿ ಇದ್ದಾರೆ. ಅಲ್ಲಿಗೆ ಹೋಗುವ ಮೊದಲು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. 1981ರಲ್ಲಿ ಅವರೂ ಬಿಲ್ ಸದರ್‌ಲೆಂಡ್ ಅವರೂ ಒಂದಕ್ಕೊಂದು ಲಂಬವಾಗಿ ನಿಂತ ಜೋಡಿ ಅಯಸ್ಕಾಂತಗಳ ಒಂದು ಜಾಲವನ್ನು ಕಲ್ಪಿಸಿ, ಅದರ ಅತಿ ಕಡಿಮೆ ಶಕ್ತಿಯ ಸ್ಥಿತಿಯನ್ನು ಅಂದಾಜಿನ ಹಂಗಿಲ್ಲದೆ ಲೆಕ್ಕ ಹಾಕಿದರು. ಪ್ರಕೃತಿಯಲ್ಲಿ ಅಂಥದ್ದು ಇದ್ದೀತು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. 1991ರಲ್ಲಿ ಅಮೆರಿಕದ ಇಬ್ಬರು ರಸಾಯನಜ್ಞರು ಸ್ಟ್ರಾನ್ಷಿಯಂ, ತಾಮ್ರ, ಬೋರಾನ್ ಸೇರಿದ ಹೊಸ ಆಕ್ಸೈಡೊಂದನ್ನು ಮಾಡಿ ಅದರ ರಚನೆ ಬರೆದಿಟ್ಟರು. ಅದರ ಕಾಂತತೆಯನ್ನು ಜಪಾನಿನ ಕಗೆಯಾಮ ಮತ್ತು ಸಂಗಡಿಗರು ಅಳೆದದ್ದು 1999ರಲ್ಲಿ. ಶಾಸ್ತ್ರಿಯವರ ಕಾಗದದ ಜಾಲ ಆ ಹೊತ್ತಿಗೆ ಎಂಟು ವರ್ಷದಿಂದ ಸೀಸೆಯಲ್ಲಿ ಕೂತಿತ್ತು. ಲೆಕ್ಕ ಹಾಕುವವರು, ಬೇಯಿಸುವವರು, ಅಳೆಯುವವರು ಒಬ್ಬರನ್ನೊಬ್ಬರು ಓದದಿದ್ದರೆ ಆಗುವುದು ಹೀಗೆ.

‘327’ರ ಕಥೆಯೂ ಇಂಥದ್ದೇ. 2023ರಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ ಸುನ್ ಯಾಟ್-ಸೆನ್ ವಿಶ್ವವಿದ್ಯಾಲಯದ ಮೆಂಗ್ ವಾಂಗ್ ಗುಂಪು ಅದರ ಹರಳನ್ನು ವಜ್ರಗಳ ನಡುವೆ ಇಟ್ಟು ಭೂಮಿಯ ವಾಯುಭಾರದ ಲಕ್ಷಕ್ಕೂ ಹೆಚ್ಚು ಪಟ್ಟು ಒತ್ತಿದಾಗ 80 ಕೆಲ್ವಿನ್ ಆಸುಪಾಸಿನಲ್ಲಿ ಅತಿವಾಹಕತೆ ಕಂಡಿತು. ಒತ್ತಿದಾಗ ಆಗಿದ್ದೇನು? ಬಾಗಿದ್ದ ನಿಕಲ್, ಆಮ್ಲಜನಕ, ನಿಕಲ್ ಗೆರೆ ನೇರವಾಯಿತು. ಹಾಗಿದ್ದರೆ ವಜ್ರದ ಒತ್ತಡ ಯಾಕೆ, ತಳದ ಸ್ಫಟಿಕದಿಂದಲೇ ಹಿಸುಕಿದರಾಗದೇ ಎಂದು ಹ್ವಾಂಗ್ ಅವರ ಗುಂಪು ಯೋಚಿಸಿತು. ಪರಮಾಣುಗಳ ಅಂತರ ಸ್ವಲ್ಪ ಕಡಿಮೆ ಇರುವ ತಳದ ಮೇಲೆ ‘327’ ಬೆಳೆಸಿ, ಹೊರಗಿನ ಒತ್ತಡವೇ ಇಲ್ಲದೆ 26ರಿಂದ 42 ಕೆಲ್ವಿನ್‌ನಲ್ಲಿ ಅತಿವಾಹಕತೆ ಶುರುವಾಗುವುದನ್ನು ತೋರಿಸಿತು. ಪ್ರಬಂಧ 2025ರ ‘ನೇಚರ್’ನಲ್ಲಿದೆ. 1986ರಲ್ಲಿ ಬೆಂಗಳೂರು ಅಳೆದಿಟ್ಟ ವಸ್ತು ಈಗ ಜಗತ್ತಿನ ಮುಂಚೂಣಿಯ ಪ್ರಯೋಗಾಲಯಗಳ ಮೇಜಿನ ಮೇಲಿದೆ.

ಬೆಂಗಳೂರು ಕೈಗೆ ಬಂದದ್ದನ್ನು ಬಿಟ್ಟಿತು ಎಂದು ಇದಕ್ಕೆ ಕೊರಗಬೇಕಿಲ್ಲ. ಆ ಹೊತ್ತಿನ ಪುಡಿ ತುಂಡುಗಳಲ್ಲಿ ಅತಿವಾಹಕತೆ ಕಾಣುವುದು ಸಾಧ್ಯವೇ ಇರಲಿಲ್ಲ. ಕೊರಗಬೇಕಾದ್ದು ಬೇರೆ ಇದೆ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಸ್ತು ಮತ್ತು ಸಾಧನಗಳ ಕೇಂದ್ರ ದೆಹಲಿ ಐಐಟಿಯಲ್ಲಿ. ನಮ್ಮ ಪತ್ರಿಕೆಗಳಲ್ಲಿ, ಸಮಾವೇಶಗಳಲ್ಲಿ ಕ್ವಾಂಟಂ ಎಂದರೆ ಕ್ಯೂಬಿಟ್ಟುಗಳ ಎಣಿಕೆ, ಹೊಸ ಕಟ್ಟಡದ ಎಕರೆ ಲೆಕ್ಕ. ಕುಲುಮೆಯ ಮುಂದೆ ಕೂತು ಹದ ಕಲಿಯುವ ಹುಡುಗ-ಹುಡುಗಿಯರ ಸುದ್ದಿ ಅಲ್ಲಿ ಬರುವುದೇ ಇಲ್ಲ.

ಸ್ಲ್ಯಾಕ್‌ನಂಥ ಯಂತ್ರವನ್ನು ಕರ್ನಾಟಕ ಕಟ್ಟಬೇಕೆಂದೇನೂ ಇಲ್ಲ. ಇಂದೋರ್‌ನಲ್ಲಿ ಇಂಡಸ್-2 ಇದೆ. ಮೆನ್ಲೋ ಪಾರ್ಕ್‌ನ ಯಂತ್ರಕ್ಕೂ ಯಾವ ದೇಶದವರು ಬೇಕಾದರೂ ಅರ್ಜಿ ಹಾಕಬಹುದು. ಫಲಿತಾಂಶ ಪ್ರಕಟಿಸುವವರಿಗೆ ಕಿರಣ ಬಳಸುವ ಸಮಯ (ಬೀಮ್‌ಟೈಮ್) ಉಚಿತ, ಪರಿಶೀಲನಾ ಸಮಿತಿ ಒಪ್ಪಿದರಾಯಿತು. ಸಮಿತಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: ನಿಮ್ಮ ಸ್ಯಾಂಪಲ್ ಎಂಥದ್ದು? ಆ ಪ್ರಶ್ನೆಗೆ ಗಟ್ಟಿ ಉತ್ತರ ಇರುವವರಿಗೆ ಜಗತ್ತಿನ ಯಾವ ಯಂತ್ರದ ಬಾಗಿಲೂ ತೆರೆಯುತ್ತದೆ; ಇಲ್ಲದವರಿಗೆ ಸ್ವಂತ ಯಂತ್ರವಿದ್ದೂ ಕೆಲಸವಿಲ್ಲ. ಅರ್ಧ ಶತಮಾನದ ಹಿಂದೆ ರಾವ್ ಮತ್ತು ಗಂಗೂಲಿ ಯಾರೂ ಕೇಳದ ಆಕ್ಸೈಡುಗಳನ್ನು ತಾವೇ ಬೇಯಿಸಿಟ್ಟುಕೊಂಡಿದ್ದರು. ಹಾಗಾಗಿಯೇ 1987ರಲ್ಲಿ ಬೆಂಗಳೂರು ಓಟದ ಮುಂದಿನ ಸಾಲಿನಲ್ಲಿತ್ತು. ಮುಂದಿನ ಓಟ ಯಾವ ವಸ್ತುವಿನದೋ ಯಾರಿಗೂ ತಿಳಿಯದು. ಅದು ಬಂದ ದಿನ ಬೆಂಗಳೂರು ಮತ್ತೆ ಮುಂದಿನ ಸಾಲಿನಲ್ಲಿ ಇರಬೇಕಾದರೆ ಹಣದ ಒಂದು ಪಾಲು ಈಗಲೇ ಕುಲುಮೆಗೆ, ಸ್ಫಟಿಕ ಬೆಳೆಸುವವರ ಸಂಬಳಕ್ಕೆ, ಅವರು ಕೆಡಿಸಿ ಕಲಿಯಲು ಬೇಕಾದ ವರ್ಷಗಳಿಗೆ ಹೋಗಬೇಕು.